ನಾಲ್ಕು ತಿಂಗಳ ಪುಟ್ಟಿಯೂ ಮೈಸೂರಿನ ಎರಡು ದಿನವೂ

ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನು ನಾನು. ನಿವೃತ್ತನಾಗಿ 13 ವರ್ಷ ಕಳೆದರೂ ಯಾವ ಕೆಲಸವನ್ನೇ ಆಗಲಿ ಗೆರೆ ಎಳೆದ ಹಾಳೆಯ ಮೇಲೆ ಬರೆದುಕೊಳ್ಳದಿದ್ದರೆ ಸಮಾಧಾನವಿಲ್ಲ. ಕಳೆದ ಜನವರಿಯಲ್ಲಿ ಹಾಸನದಿಂದ ಮೈಸೂರಿಗೆ ಹೊರಟಾಗಲೂ ಹಾಗೊಂದು ಹಾಳೆ ಸಿದ್ಧವಾಯಿತು. ಎಡಗಡೆ ಗಂಟೆ, ಬಲಗಡೆ ಜಾಗ. ಶನಿವಾರಕ್ಕೆ ರೈಲ್ವೆ ಮ್ಯೂಸಿಯಂ, ಜಗನ್ಮೋಹನ ಅರಮನೆ, ದೇವರಾಜ ಮಾರುಕಟ್ಟೆ, ಸಂತ ಫಿಲೋಮಿನಾ ಚರ್ಚು. ಭಾನುವಾರಕ್ಕೆ ಚಾಮುಂಡಿ ಬೆಟ್ಟ, ಮೃಗಾಲಯ, ಕಾರಂಜಿ ಕೆರೆ, ದೊಡ್ಡ ಅರಮನೆಯ ಒಳಗು, ಸಂಜೆ ಅರಮನೆಯ ದೀಪ. ಒಟ್ಟು 9 ಜಾಗ.

ಹೊರಟವರು ಐದು ಜನ. ನಾನು, ನನ್ನ ಹೆಂಡತಿ, ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು, ಐದನೇ ತರಗತಿಯಲ್ಲಿ ಓದುವ ಮೊಮ್ಮಗ, ಮತ್ತು ಪುಟ್ಟಿ. ಪುಟ್ಟಿಗೆ ಅಂದಿಗೆ ನಾಲ್ಕು ತಿಂಗಳು ಹತ್ತು ದಿನ. ಐವರಲ್ಲಿ ನನ್ನ ಹಾಳೆ ಓದಲು ಬಾರದವಳು ಅವಳೊಬ್ಬಳೇ. ಕೊನೆಗೆ ಎಲ್ಲವೂ ನಡೆದದ್ದು ಅವಳ ಲೆಕ್ಕದಂತೆ!

ಹೊರಡಲು ಕಾರಣ

ಹಸುಗೂಸನ್ನು ಕಟ್ಟಿಕೊಂಡು ಊರು ಸುತ್ತುವುದು ಏಕೆ ಎಂದು ನೆರೆಮನೆಯವರು ಕೇಳಿದರು. ಕೇಳುವುದು ಸಹಜವೇ. ನಮ್ಮ ಮನೆಯಲ್ಲಿ ಬಾಣಂತನ ಕ್ರಮವಾಗಿ ನಡೆದಿತ್ತು. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಬೆಚ್ಚಗಿನ ಕೋಣೆ, ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಒಂದು ಬೆಳಗ್ಗೆ ನಾನು ಪೇಪರು ತರಲು ಬಾಗಿಲು ತೆಗೆದಾಗ ಮಗಳು ಕಿಟಕಿಯ ಹತ್ತಿರ ನಿಂತು ಸದ್ದಿಲ್ಲದೆ ಅಳುತ್ತಿದ್ದಳು. "ಏನಮ್ಮ?" ಎಂದೆ. "ಏನೂ ಇಲ್ಲಪ್ಪ. ನಾಲ್ಕು ತಿಂಗಳಾಯ್ತು, ಈ ಕಿಟಕಿ ಬಿಟ್ಟು ಬೇರೇನೂ ನೋಡಿಲ್ಲ ಅಷ್ಟೇ," ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು.

ಪುಟ್ಟಿಗೆ 14 ವಾರದ ಲಸಿಕೆ ಆಗಿತ್ತು. ಮುಂದಿನ ಸಲ ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಪ್ರಯಾಣದ ವಿಷಯ ಎತ್ತಿದೆ. ಅವರು ಮಗುವನ್ನು ಪರೀಕ್ಷಿಸುವ ಮೊದಲು ಮಗಳ ಕಡೆ ತಿರುಗಿ, "ನೀವು ಹೇಗಿದ್ದೀರಿ? ನಿದ್ದೆ ಬರುತ್ತಾ? ಅಳು ಬರುತ್ತಾ?" ಎಂದು ಕೇಳಿದರು. ನಾಲ್ಕು ತಿಂಗಳಲ್ಲಿ ಆ ಪ್ರಶ್ನೆಯನ್ನು ನಾವು ಯಾರೂ ಅವಳಿಗೆ ಕೇಳಿರಲಿಲ್ಲ. ಬಂದವರೆಲ್ಲ ಕೇಳಿದ್ದು ಮಗುವನ್ನು. ಹೆರಿಗೆಯಾದ ಮೇಲೆ ಮೊದಲ ದಿನಗಳಲ್ಲಿ ಮನಸ್ಸು ಕುಗ್ಗುವುದು ಸಾಮಾನ್ಯ, ಆದರೆ ಎರಡು ವಾರ ಕಳೆದರೂ ಅದು ಹೋಗದಿದ್ದರೆ ಮುಚ್ಚಿಡದೆ ಹೇಳಬೇಕು ಎಂದರು. ಮಗಳೊಡನೆ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತನಾಡಿ, ಮತ್ತೆ ಹದಿನೈದು ದಿನಕ್ಕೆ ಬರಲು ಹೇಳಿದರು. ಮೈಸೂರಿಗೆ ಹೋಗಿ ಬನ್ನಿ ಎಂದೂ ಹೇಳಿದರು. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ. ವರ್ಷ ತುಂಬುವವರೆಗೆ ಜೇನು ನಾಲಿಗೆಗೆ ತಾಗಿಸಬೇಡಿ. ಕಂಡವರೆಲ್ಲ ಮಗುವಿಗೆ ಮುತ್ತು ಕೊಡದಂತೆ ನೋಡಿಕೊಳ್ಳಿ, ಇವು ಅವರ ಮಾತುಗಳು. ಜೇನಿನ ಮಾತು ಬಂದಾಗ ನನ್ನ ಹೆಂಡತಿ ನೆಲ ನೋಡಿದಳು.

ಕೃಷ್ಣರಾಜನಗರದ ನಿಲ್ದಾಣ

ಹಾಸನದಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 120 ಕಿಲೋಮೀಟರ್, ಹೆಚ್ಚೂಕಡಿಮೆ ಮೂರು ಗಂಟೆಯ ದಾರಿ. ಬಸ್ಸಿಗಿಂತ ರೈಲೇ ಲೇಸೆಂದು ನಾನೇ ಹಟ ಹಿಡಿದೆ. ಮಗು ಅತ್ತರೆ ಎದ್ದು ಓಡಾಡಬಹುದು, ಶೌಚಾಲಯ ಇರುತ್ತದೆ, ತಾಯಿ ಕಿಟಕಿಯ ಕಡೆ ತಿರುಗಿ ಕೂತು ಹಾಲು ಕೊಡಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಸೀಟು ಬೇಡವೆಂದರೆ ಟಿಕೆಟ್ಟೂ ಬೇಡ. ಇದನ್ನು ಕೇಳಿ ಮೊಮ್ಮಗ, "ಪುಟ್ಟಿಗೆ ಫ್ರೀ, ನಂಗೆ ಮಾತ್ರ ದುಡ್ಡಾ?" ಎಂದು ಮುನಿಸಿಕೊಂಡ.

ನನ್ನ ಹೆಂಡತಿ ಕುಲಾವಿ, ಬಟ್ಟೆ, ಡೈಪರು ಎಲ್ಲವನ್ನೂ ಜೋಡಿಸಿ, ಎಲ್ಲದರ ಮೇಲೆ ತನ್ನದೊಂದು ಹಳೆಯ ಹತ್ತಿ ಸೀರೆ ಮಡಚಿಟ್ಟಿದ್ದಳು. "ಇದ್ಯಾಕೆ ಭಾರ?" ಎಂದೆ. "ಇರ್ಲಿ ಸುಮ್ನಿರಿ," ಎಂದಳು. ಪುಟ್ಟಿಯ ಅಂಗಾಲಿಗೆ ಕಪ್ಪು ಬೊಟ್ಟು ಇಡುವುದನ್ನೂ ಮರೆಯಲಿಲ್ಲ.

ಹೊಳೆನರಸೀಪುರ ದಾಟಿತು. ಪುಟ್ಟಿ ರೈಲಿನ ತೂಗಾಟಕ್ಕೆ ಕಣ್ಣು ಮುಚ್ಚಿದಳು. ಸೀರೆ ನಾಲ್ಕು ಮಡಿಕೆಯಾಗಿ ಅವಳ ಹಾಸಿಗೆಯಾಯಿತು. ಕೃಷ್ಣರಾಜನಗರ ಬಂದಾಗ ನನ್ನ ಹೆಂಡತಿ ಕಿಟಕಿಗೆ ಮುಖವಿಟ್ಟು ನಿಲ್ದಾಣವನ್ನು ನೋಡುತ್ತ ಕೂತಳು. ನಾನು ಹಾಳೆಯನ್ನು ಬಿಡಿಸಿ ಓದುವವನಂತೆ ನಟಿಸಿದೆ.

ಕಾರಣ ಇದೆ. 1983ರಲ್ಲಿ ನಾನು ಅದೇ ಊರಿನ ಶಾಖೆಯಲ್ಲಿದ್ದೆ. ಆಗ ಈ ದಾರಿಯಲ್ಲಿ ಓಡುತ್ತಿದ್ದದ್ದು ಮೀಟರ್ ಗೇಜಿನ ಸಣ್ಣ ರೈಲು. ನನ್ನ ಮಗ, ಅಂದರೆ ಈ ಹುಡುಗನ ಅಪ್ಪ, ಆಗ ಮೂರು ತಿಂಗಳ ಕೂಸು. ದಸರಾ ಬಂತು. "ಇಷ್ಟು ಹತ್ರ ಇದ್ದೀವಿ, ಒಂದ್ಸಲ ಅರಮನೆ ದೀಪ ನೋಡ್ಕೊಂಡು ಬರೋಣ್ವಾ?" ಎಂದು ಅವಳು ಕೇಳಿದಳು. "ಕೈಕೂಸು ಇಟ್ಕೊಂಡು ಎಲ್ಲಿಗೆ ಹೋಗೋದು? ಮಗು ದೊಡ್ಡದಾಗಲಿ," ಎಂದೆ. ಅವಳು ಮತ್ತೆ ಕೇಳಲಿಲ್ಲ. ಆ ವಾರವೇ ನಾನು ಶಾಖೆಯ ಗೆಳೆಯರ ಜೊತೆ ಮೈಸೂರಿಗೆ ಹೋಗಿ, ದೀಪ ನೋಡಿ, ರಾತ್ರಿ ಮೈಸೂರು ಪಾಕಿನ ಪೊಟ್ಟಣ ಹಿಡಿದು ಮನೆಗೆ ಬಂದೆ. ಮುಂದಿನ ವರ್ಷ ಉತ್ತರದ ಜಿಲ್ಲೆಗೆ ವರ್ಗವಾಯಿತು. ಆಮೇಲೆ ಮಗಳು, ಶಾಲೆ, ಸಾಲ, ನನ್ನ ತಾಯಿಯ ಕಾಯಿಲೆ. ಮೈಸೂರಿಗೆ ಎಷ್ಟೋ ಸಲ ಹೋಗಿದ್ದೇವೆ. ಮದುವೆಗೆ, ಆಸ್ಪತ್ರೆಗೆ, ಹಗಲಲ್ಲಿ ಹೋಗಿ ಹಗಲಲ್ಲೇ ಬಂದಿದ್ದೇವೆ. ದೀಪ ಮಾತ್ರ ಅವಳು ನೋಡಿರಲಿಲ್ಲ.

ಸಾಗರಕಟ್ಟೆಯ ಹತ್ತಿರ ಕನ್ನಂಬಾಡಿ ಅಣೆಕಟ್ಟೆಯ ಹಿನ್ನೀರಿನ ಮೇಲೆ ರೈಲು ಸಾಗುವಾಗ ಮೊಮ್ಮಗ "ತಾತ, ಸಮುದ್ರ!" ಎಂದು ಕೂಗಿದ. ಪುಟ್ಟಿ ಎಚ್ಚರಗೊಂಡು ಅಳತೊಡಗಿದಳು. ಹಾಳೆಯನ್ನು ಜೇಬಿಗೆ ಸೇರಿಸಿದೆ.

ಮಹಾರಾಣಿಯ ಬೋಗಿ

ನಿಲ್ದಾಣದ ಹತ್ತಿರವೇ ಒಂದು ವಸತಿಗೃಹ. ಸಾಮಾನು ಇಟ್ಟು, ಮಗುವಿಗೆ ಹಾಲು ಕುಡಿಸಿ, ರೈಲ್ವೆ ಮ್ಯೂಸಿಯಮ್ಮಿಗೆ ಹೋದೆವು. ಮಕ್ಕಳೇ, ಇದು 1979ರಲ್ಲಿ ಶುರುವಾದದ್ದು. ಎರಡು ವರ್ಷ ಮೊದಲು ದೆಹಲಿಯಲ್ಲಿ ರಾಷ್ಟ್ರೀಯ ರೈಲು ಸಂಗ್ರಹಾಲಯ ಆರಂಭವಾಗಿತ್ತು, ಅದರ ನಂತರ ಬಂದದ್ದು ಮೈಸೂರಿನದು. ಹಳೆಯ ಉಗಿಬಂಡಿಗಳನ್ನು ಬಯಲಲ್ಲಿ ನಿಲ್ಲಿಸಿದ್ದಾರೆ. ಆಸ್ಟಿನ್ ಕಾರೊಂದಕ್ಕೆ ರೈಲಿನ ಗಾಲಿ ಜೋಡಿಸಿ ಹಳಿಯ ಮೇಲೆ ಓಡಿಸುತ್ತಿದ್ದ ವಾಹನವೂ ಇದೆ. ಮೊಮ್ಮಗ ಅದನ್ನು ನಾಲ್ಕು ಸಲ ಸುತ್ತಿ ಬಂದ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು 1899ರ ಮಹಾರಾಣಿಯ ಸಲೂನ್ ಬೋಗಿ. ರಾಜಮನೆತನದವರು ಪ್ರಯಾಣಕ್ಕೆ ಹೊರಟರೆ ಅಡುಗೆಮನೆ, ಊಟದ ಜಾಗ, ಶೌಚಾಲಯ ಎಲ್ಲವೂ ರೈಲಿನಲ್ಲೇ ಜೊತೆಗೆ ಹೊರಡುತ್ತಿದ್ದವು. ನನ್ನ ಹೆಂಡತಿ ತನ್ನ ಹೆಗಲಿನ ಚೀಲವನ್ನೊಮ್ಮೆ, ಬೋಗಿಯನ್ನೊಮ್ಮೆ ನೋಡಿ, "ಪಾಪ, ರಾಣಿಯೋರಿಗೂ ಮಕ್ಕಳಿದ್ವಲ್ಲ, ಮನೇನೇ ಕಟ್ಕೊಂಡು ಹೋಗ್ತಿದ್ರು," ಎಂದಳು. ಮಗಳು ನಕ್ಕಳು. ಹಾಗೆ ಅವಳು ನಕ್ಕು ಬಹಳ ದಿನವಾಗಿತ್ತು.

ಪುಟ್ಟಿ ಮಾತ್ರ ಮ್ಯೂಸಿಯಂ ಪೂರ್ತಿ ನಿದ್ದೆ ಮಾಡಿದಳು. ಅವಳು ಎದ್ದದ್ದು ಜಗನ್ಮೋಹನ ಅರಮನೆಗೆ ಹೋಗಬೇಕಿದ್ದ ಹೊತ್ತಿಗೆ. ಎದ್ದವಳಿಗೆ ಹಾಲು, ತೇಗು, ಬಟ್ಟೆ ಬದಲು, ಮತ್ತೆ ಹಾಲು. ಒಂದೂವರೆ ಗಂಟೆ ಹೋಯಿತು. ಹಾಳೆಯಲ್ಲಿ ಆ ಸಾಲನ್ನು ಹೊಡೆದು ಹಾಕಿದೆ.

ಹೂವಿನಂಗಡಿ

ಸಂಜೆ ನಾಲ್ಕಕ್ಕೆ ಚಿಕ್ಕ ಗಡಿಯಾರದ ಎದುರಿನಿಂದ ದೇವರಾಜ ಮಾರುಕಟ್ಟೆ ಹೊಕ್ಕೆವು. ಗೋಪುರದಂತೆ ಪೇರಿಸಿದ ಕುಂಕುಮ, ಬಣ್ಣದ ಪುಡಿಗಳು, ವೀಳ್ಯದೆಲೆಯ ಕಟ್ಟುಗಳು, ಬಾಳೆಗೊನೆ. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಪುಟ್ಟಿ ಅಳಲು ಶುರುಮಾಡಿದಳು. ಊದುಬತ್ತಿಯ ವಾಸನೆಯೋ, ಗದ್ದಲವೋ, ಹಸಿವೋ ತಿಳಿಯದು. ಮುಖ ಕೆಂಪಾಗಿ, ಉಸಿರು ಕಟ್ಟಿದಂತೆ ಅಳು. ಹಿಂದೆ ಜನ, ಮುಂದೆ ಜನ. ಮಗಳಿಗೆ ಕಣ್ಣಲ್ಲಿ ನೀರು. "ಅಪ್ಪ, ಬರಬಾರದಿತ್ತು. ವಾಪಸ್ ಹೋಗೋಣ," ಎಂದಳು.

ಸೇವಂತಿಗೆ, ಕಾಕಡ ಹೂ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಅಲ್ಲಿಂದಲೇ ಕೂಗಿದಳು. "ಯಾಕವ್ವ ಮಗೀನ ಹಂಗೆ ಅಳಿಸ್ತೀಯ? ಹೊಟ್ಟೆ ಹಸ್ದದೆ ಅದ್ಕೆ. ಬಾ, ಒಳಿಕ್ ಬಾ, ಇಲ್ ಕೂತ್ಕೊ." ಹೂವಿನ ಬುಟ್ಟಿಗಳನ್ನು ಸರಿಸಿ, ಮರದ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿ, ಮೇಲೆ ಗೋಣಿಚೀಲ ಹಾಸಿದಳು. ಆಗ ನನ್ನ ಹೆಂಡತಿ ಚೀಲದಿಂದ ಆ ಹಳೆಯ ಸೀರೆ ತೆಗೆದಳು. ಒಂದು ತುದಿಯನ್ನು ಅಂಗಡಿಯ ಮೊಳೆಗೆ ಕಟ್ಟಿದಳು. ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಆ ಕಡೆ ತಿರುಗಿ ನಿಂತ್ಕೊಳ್ಳಿ," ಎಂದಳು.

ಕೌಂಟರಿನ ಹಿಂದೆ ನಿಂತವನು ನಾನು, ಸೀರೆ ಹಿಡಿದು ಮಾರುಕಟ್ಟೆಯಲ್ಲಿ ನಿಂತದ್ದು ಅದೇ ಮೊದಲು. ಮೊದಲ ಎರಡು ನಿಮಿಷ ನಾಚಿಕೆಯಾಯಿತು. ಆಮೇಲೆ ಬೇರೇನೂ ಮಾಡಲಾಗದೆ ಸುತ್ತ ನೋಡತೊಡಗಿದೆ. ಹೂವಾಡಗಿತ್ತಿ ಮೊಣಕೈಯಿಂದ ಬೆರಳ ತುದಿವರೆಗೆ ಹೂ ಅಳೆದು, ಕೊನೆಗೆ ನಾಲ್ಕು ಬೆರಳು ಹೆಚ್ಚು ಬಿಟ್ಟು ಕತ್ತರಿಸುತ್ತಿದ್ದಳು. "ತಾತ, ಅವರ ಮೊಳಕ್ಕೂ ನನ್ನ ಮೊಳಕ್ಕೂ ಎಷ್ಟು ವ್ಯತ್ಯಾಸ?" ಎಂದು ಮೊಮ್ಮಗ ತನ್ನ ಕೈಯನ್ನು ಅವಳ ಕೈಯ ಪಕ್ಕ ಇಟ್ಟು ನೋಡಿದ. ಅವಳು ನಕ್ಕು, "ನೀ ಹೂವ ಮಾರುದ್ರೆ ನಿಂಗೆ ಲಾಭ ಕಣಪ್ಪ," ಎಂದಳು. ಎದುರಿನ ಅಂಗಡಿಯವನು ಕುಂಕುಮದ ರಾಶಿಯ ತುದಿಯನ್ನು ಬೆರಳಲ್ಲಿ ತಿದ್ದಿ ಚೂಪು ಮಾಡುತ್ತಲೇ ಇದ್ದ. ಈ ಮಾರುಕಟ್ಟೆಗೆ ನಾನು ಹತ್ತಾರು ಸಲ ಬಂದಿದ್ದೆ. ನಿಂತು ನೋಡಿದ್ದು ಅಂದೇ.

ಅಳು ನಿಂತಿತು. ದುಡ್ಡು ಕೊಡಲು ಹೋದರೆ ಆಕೆ ಕೈ ಕೊಡವಿದಳು. "ಹಾಲು ಕುಡಿಯೋ ಕೂಸ್ಗೆ ಬಾಡ್ಗೆ ಈಸ್ಕೊಳಕ್ಕಾಯ್ತದಾ ಸ್ವಾಮಿ?" ಎಂದಳು. ಎರಡು ಮಾರು ಕಾಕಡ ಕೊಂಡೆವು. ಮಗಳು ಮುಡಿದುಕೊಂಡಳು. ವಾಪಸ್ ಹೋಗೋಣ ಎಂಬ ಮಾತನ್ನು ಮತ್ತೆ ಆಡಲಿಲ್ಲ. ಚರ್ಚಿಗೆ ಹೋಗಲು ಮಾತ್ರ ಹೊತ್ತು ಮೀರಿತ್ತು.

ಅರ್ಧ ಬೆಟ್ಟ, ಅರ್ಧ ಮೃಗಾಲಯ

ರಾತ್ರಿ ಎರಡಕ್ಕೆ ಪುಟ್ಟಿ ಎದ್ದಳು, ನಾಲ್ಕಕ್ಕೆ ಮತ್ತೆ ಎದ್ದಳು. ಹಾಗಾಗಿ ಬೆಳಗ್ಗೆ ಆರೂವರೆಗೆ ಬರೆದಿಟ್ಟಿದ್ದ ಚಾಮುಂಡಿ ಬೆಟ್ಟಕ್ಕೆ ಹೊರಟಾಗ ಎಂಟು ದಾಟಿತ್ತು. ಭಾನುವಾರ, ದರ್ಶನದ ಸಾಲು ಉದ್ದಕ್ಕೆ ಬೆಳೆದಿತ್ತು. ನನ್ನ ಹೆಂಡತಿ ಗೋಪುರಕ್ಕೆ ಕೈಮುಗಿದು, "ತಾಯಿಗೆ ಗೊತ್ತಾಗುತ್ತೆ, ಬನ್ನಿ," ಎಂದು ಹಿಂದಿರುಗಿದಳು. ಇಳಿಯುವಾಗ ನಂದಿಯ ಹತ್ತಿರ ನಿಂತೆವು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿ, ಸುಮಾರು 15 ಅಡಿ ಎತ್ತರ, 24 ಅಡಿ ಉದ್ದ. ಕೊರಳಲ್ಲಿ ಕಲ್ಲಿನದೇ ಗಂಟೆಸರ. ಪುಟ್ಟಿ ಇದನ್ನು ಮಾತ್ರ ಕಣ್ಣರಳಿಸಿ ನೋಡಿದಳು. ಅವಳು ಬಂದ ಮೇಲೆ ನೋಡಿದ ಮೊದಲ ದೊಡ್ಡ ವಸ್ತು ಅದೇ ಇರಬೇಕು.

ಮೃಗಾಲಯದ ಬಾಗಿಲಲ್ಲಿ ಮಗಳು, "ನೀವೆಲ್ಲ ಹೋಗಿ, ನಾನು ಇವಳನ್ನಿಟ್ಕೊಂಡು ಇಲ್ಲೇ ಕೂತಿರ್ತೀನಿ," ಎಂದಳು. ಹೀಗೆಂದು ಅವಳ ತಾಯಿಯೂ ಎಷ್ಟು ಕಡೆ ಕೂತಿದ್ದಳೋ. ನಾನೆಂದೆ, "ಈಗ ತಾನೇ ಹಾಲು ಕುಡಿದಿದ್ದಾಳೆ. ನೀನು ಹುಡುಗನ ಜೊತೆ ಹೋಗು. ನಾವಿಬ್ಬರೂ ಇರ್ತೀವಿ." ಅವಳು ನಂಬದೆ ನೋಡಿದಳು. ಮೊಮ್ಮಗ, "ಬನ್ನಿ ಅತ್ತೆ, ಜಿರಾಫೆ!" ಎಂದು ಕೈಹಿಡಿದು ಎಳೆದುಕೊಂಡು ಹೋದ.

1892ರಲ್ಲಿ ಶುರುವಾದ ಮೃಗಾಲಯ ಅದು. ಒಳಗಿನ ಮರಗಳ ನೆರಳು ದೊಡ್ಡದು. ಸೀರೆ ಹಾಸಿ ಕೂತೆವು. ಹೆಂಡತಿ ಮಗುವನ್ನು ನನ್ನ ತೊಡೆಗೆ ಹಾಕಿ ಕೈಕಾಲು ತೊಳೆಯಲು ಹೋದಳು. ನಿಜ ಹೇಳುತ್ತೇನೆ, ನನ್ನ ಇಬ್ಬರು ಮಕ್ಕಳನ್ನೂ ಆ ವಯಸ್ಸಿನಲ್ಲಿ ನಾನೊಬ್ಬನೇ ಹತ್ತು ನಿಮಿಷಕ್ಕಿಂತ ಹೆಚ್ಚು ಎತ್ತಿಕೊಂಡವನಲ್ಲ. ಅಳುವ ಮೊದಲೇ ತಾಯಿಯ ಕೈಗೆ ಕೊಟ್ಟುಬಿಡುತ್ತಿದ್ದೆ. ಪುಟ್ಟಿ ನನ್ನ ಮುಖ ನೋಡಿದಳು, ಜೇಬಿನ ಪೆನ್ನು ನೋಡಿದಳು. ಜೇಬಿನೊಳಗೆ ಕೈಹಾಕಿ ನನ್ನ ಹಾಳೆಯ ಮೂಲೆಯನ್ನು ಹಿಡಿದು ಎಳೆದಳು, ಅದು ಹರಿಯಿತು. ಬಾಯಿಗೆ ಹೋಗುವ ಮೊದಲು ಬಿಡಿಸಿಕೊಂಡೆ. ಅಷ್ಟಕ್ಕೇ ಅವಳಿಗೆ ಖುಷಿ.

ಒಂದು ಗಂಟೆಯ ಮೇಲೆ ಅತ್ತೆ ಸೋದರಳಿಯ ಇಬ್ಬರೂ ಬೆವರಿ ಬಂದರು. ಮಗಳ ಮುಖ ಶಾಲೆಯಿಂದ ಬಂದ ಹುಡುಗಿಯಂತಿತ್ತು. "ಅಪ್ಪ, ಅಲ್ಲಿ ಅರ್ಧ ಗಂಟೆ ನನಗೆ ಮಗು ನೆನಪೇ ಬರಲಿಲ್ಲ," ಎಂದಳು. ಹೇಳಿದ ಮೇಲೆ ತಪ್ಪು ಮಾಡಿದವಳಂತೆ ಬೆದರಿದಳು. "ಬರದಿದ್ದರೇನಮ್ಮ? ನಾವಿಲ್ವಾ?" ಎಂದೆ. ಅವಳು ಮಗುವನ್ನು ಎತ್ತಿಕೊಂಡಳು.

ದೀಪ

ಮಧ್ಯಾಹ್ನವೆಲ್ಲ ಎಲ್ಲರೂ ಮಲಗಿದೆವು. ಕಾರಂಜಿ ಕೆರೆ, ಅರಮನೆಯ ಒಳಗು ಎರಡೂ ಹಾಗೇ ಉಳಿದವು. ಆರೂವರೆಗೆ ಅರಮನೆಯ ಪೂರ್ವದ ಜಯಮಾರ್ತಾಂಡ ಬಾಗಿಲಿನ ಎದುರು, ರಸ್ತೆಯ ಆಚೆ, ಜನ ಕಡಿಮೆ ಇದ್ದ ಕಡೆ ಜಾಗ ಹಿಡಿದೆವು. ಒಳಗೆ ಹೋದರೆ ಗದ್ದಲಕ್ಕೆ ಮಗು ಬೆದರೀತು ಎಂದು ಹೊರಗೇ ನಿಂತೆವು.

ಮೊಮ್ಮಗನಿಗೆ ಕತೆ ಹೇಳಿದೆ. ಹಿಂದೆ ಇಲ್ಲಿ ಮರದ ಅರಮನೆ ಇತ್ತು. 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಹೊಸದಕ್ಕೆ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿ ನಕ್ಷೆ ಬರೆದರು. ಅದು ಪೂರ್ತಿಯಾದದ್ದು 1912ರಲ್ಲಿ. "ಹದಿನೈದು ವರ್ಷ!" ಎಂದ. ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ ಏಳಕ್ಕೆ ದೀಪ ಹಾಕುತ್ತಾರೆ, ಒಟ್ಟು ಬಲ್ಬು ಸುಮಾರು ಒಂದು ಲಕ್ಷ ಎಂದೆ. ಸೆಕೆಂಡಿಗೊಂದು ಎಣಿಸಿದರೆ ಒಂದು ದಿನಕ್ಕಿಂತ ಹೆಚ್ಚು ಬೇಕು ಎಂದು ಅವನೇ ಲೆಕ್ಕ ಹಾಕಿದ. ನಮ್ಮ ವಂಶದವನೇ.

ಏಳಕ್ಕೆ ಇಡೀ ಅರಮನೆ ಒಮ್ಮೆಲೇ ಹೊತ್ತಿಕೊಂಡಿತು. ಗುಮ್ಮಟ, ಕಮಾನು, ಗೋಡೆಯ ಅಂಚು, ಬಾಗಿಲು ಎಲ್ಲ ಒಂದೇ ಗಳಿಗೆಯಲ್ಲಿ. ಜನರೆಲ್ಲ "ಓ" ಎಂದರು. ಮಗಳು ಮಗುವನ್ನು ತೋರಿಸಲು ತಿರುಗಿದರೆ, ಪುಟ್ಟಿ ಅಜ್ಜಿಯ ಹೆಗಲ ಮೇಲೆ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಳು. ಹಳೆಯ ಸೀರೆ ಅವಳಿಗೆ ಹೊದಿಕೆಯಾಗಿತ್ತು. "ಎಬ್ಬಿಸಲಾ?" ಎಂದ ಮೊಮ್ಮಗ. "ಬೇಡ ಕಂದ," ಎಂದಳು ಅಜ್ಜಿ.

ಅವಳು ದೀಪದ ಕಡೆಯೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಮೆಲ್ಲಗೆ, "ಅವನೂ ಹೀಗೇ ನಿದ್ದೆ ಮಾಡ್ತಿದ್ದ ಕಣ್ರೀ, ಅಷ್ಟೇ," ಎಂದಳು. ಯಾರ ಮಾತೆಂದು ಕೇಳಬೇಕಾಗಿರಲಿಲ್ಲ. "ನಾನು ತಪ್ಪು ಮಾಡಿದೆ. ನಿನ್ನ ಕರ್ಕೊಂಡು ಬರಬೇಕಿತ್ತು," ಎಂದೆ. 42 ವರ್ಷದಲ್ಲಿ ಈ ಮಾತನ್ನು ನಾನು ಹೇಳಿರಲಿಲ್ಲ. "ಈಗ ಬಂದ್ವಲ್ಲ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಕೈ ನೋಯ್ತಿದೆ, ಮಗೂನ ಹಿಡ್ಕೊಳ್ಳಿ," ಎಂದಳು. ದೀಪ ಆರುವವರೆಗೆ ಪುಟ್ಟಿ ನನ್ನ ಹೆಗಲ ಮೇಲಿದ್ದಳು.

ಹೊರಡುವ ಅಜ್ಜ ಅಜ್ಜಿಯರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಮೊದಲು ಡಾಕ್ಟರನ್ನು ಕೇಳಿ. ದಿನಕ್ಕೆ ಎರಡೇ ಜಾಗ ಬರೆದುಕೊಳ್ಳಿ, ನಡುಮಧ್ಯಾಹ್ನ ಬಿಸಿಲಿಗೆ ಹೋಗದೆ ಮಲಗಿ. ತಂಗುವ ಜಾಗ ನಿಲ್ದಾಣಕ್ಕೆ ಹತ್ತಿರವಿರಲಿ. ಒಂದು ಹಳೆಯ ಹತ್ತಿ ಸೀರೆ ಮರೆಯಬೇಡಿ. ಮಗುವನ್ನು ಒಂದು ಗಂಟೆ ನೀವು ಇಟ್ಟುಕೊಂಡು ತಾಯಿಯನ್ನು ಸುತ್ತಾಡಲು ಕಳಿಸಿ. ಮಗು ದೊಡ್ಡದಾಗಲಿ ಎಂದು ಕಾಯಬೇಡಿ.

ಸೋಮವಾರ ಬೆಳಗ್ಗೆಯ ರೈಲಿಗೆ ಹಾಸನಕ್ಕೆ ಹೊರಟೆವು. ಮೊಮ್ಮಗ ನನ್ನ ಹರಿದ ಹಾಳೆ ಕೇಳಿ ತೆಗೆದುಕೊಂಡು ಲೆಕ್ಕ ಹಾಕಿದ. ಪೂರ್ತಿ ನೋಡಿದ್ದು ಮೂರು, ಅರ್ಧ ನೋಡಿದ್ದು ಎರಡು, ನೋಡದ್ದು ನಾಲ್ಕು. ಅದರ ಕೆಳಗೆ ತನ್ನ ಗುಂಡು ಅಕ್ಷರದಲ್ಲಿ ಬರೆದ: "ಪುಟ್ಟಿ ಜಿರಾಫೆ ನೋಡಿಲ್ಲ, ದೀಪ ನೋಡಿಲ್ಲ. ಇನ್ನೊಂದು ಸಲ ಬರಬೇಕು."